ಟೀ ಅಂಗಡಿಯ ಆ ಹತ್ತು ನಿಮಿಷ

(ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ, ರಾತ್ರಿ ಊಟದ ನಂತರ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ಓರಣ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಎಂಟೂವರೆಗೆ ನಿಮಗೆ ಲ್ಯಾಬ್ ಇದೆ ಅಂತ ವಾರ್ಡನ್ ಹೇಳಿದರು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಯಾರು ಯಾರು ಸೇದುತ್ತೀರಿ, ಕೈ ಎತ್ತಿ ಅಂತ ನಾನು ಕೇಳುವುದಿಲ್ಲ. ಕ್ಯಾನ್ಸರ್ ಫೋಟೋ ತೋರಿಸುವುದಕ್ಕೂ ಬಂದಿಲ್ಲ. ಸಿಗರೇಟು ಕೆಟ್ಟದ್ದು ಅನ್ನುವುದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾಕೆ ಸೇದುತ್ತೇವೆ ಅಂತ ಕೇಳಿದರೆ ಬರುವ ಉತ್ತರ ಒಂದೇ. 'ಟೆನ್ಷನ್ ಸರ್.' ನಾನು ಕಾಲೇಜುಗಳಲ್ಲಿ ಆಪ್ತ ಸಮಾಲೋಚನೆ ಮಾಡುವವನು. ಈ ಎರಡು ಪದ ನಾನು ಕೇಳಿದಷ್ಟು ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಇವತ್ತು ಆ ಟೆನ್ಷನ್ ಬಗ್ಗೆಯೇ ಮಾತಾಡೋಣ.

ನಾನು ಹುಣಸೂರು ತಾಲ್ಲೂಕಿನವನು. ಮೈಸೂರು ಜಿಲ್ಲೆಯವರು ಇಲ್ಲಿದ್ದರೆ ನಿಮಗೆ ಗೊತ್ತಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಈ ಕಡೆಯೆಲ್ಲ ಹೊಗೆಸೊಪ್ಪು. ಮುಂಗಾರಿಗೆ ಸಸಿ ನೆಟ್ಟು, ಎಲೆ ಬಲಿತಂತೆ ಬುಡದಿಂದ ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಅನ್ನುವ, ಸೊಪ್ಪು ಒಣಗಿಸುವ ಮನೆಯೊಳಗೆ ತೂಗು ಹಾಕಿ ಸೌದೆ ಉರಿಸಿ ಹದ ಮಾಡುತ್ತಾರೆ. ರಾತ್ರಿಯೆಲ್ಲ ಎದ್ದು ಬೆಂಕಿ ನೋಡಬೇಕು. ನನ್ನ ಸ್ಕೂಲ್ ಫೀಸು, ಅಕ್ಕನ ಮದುವೆ, ಮನೆಯ ಹೆಂಚು, ಎಲ್ಲ ಬಂದದ್ದು ಆ ಸೊಪ್ಪಿನಿಂದ.

ಹತ್ತು ವರ್ಷದವನಿದ್ದಾಗ ಒಂದು ಬೆಳಿಗ್ಗೆ, ರಾತ್ರಿ ಮಳೆ ಬಂದು ನಿಂತಿತ್ತು, ಅಪ್ಪನ ಜೊತೆ ಸೊಪ್ಪು ಮುರಿಯಲು ಹೋದೆ. ಒಂದು ಗಂಟೆ ಆಗಿರಬೇಕು. ತಲೆ ಸುತ್ತಿತು, ಬೆವರು ಬಂತು, ಬದುವಿನ ಮೇಲೆ ಕೂತು ವಾಂತಿ ಮಾಡಿದೆ. ಅಜ್ಜಿ ಮಜ್ಜಿಗೆ ಕುಡಿಸಿ ಮಲಗಿಸಿದರು. ಏನಾಗಿತ್ತು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒದ್ದೆ ಎಲೆಯ ಮೇಲಿನ ನೀರಿನಲ್ಲಿ ನಿಕೋಟಿನ್ ಕರಗುತ್ತದೆ, ಚರ್ಮದ ಮೂಲಕ ಒಳಗೆ ಹೋಗುತ್ತದೆ. ಹುಳು ತಿನ್ನಬಾರದು ಅಂತ ಗಿಡ ತನಗೋಸ್ಕರ ಮಾಡಿಕೊಂಡ ವಿಷ ಅದು. ಆವತ್ತು ನನ್ನ ಮೈ ಅದನ್ನು ಸರಿಯಾಗಿಯೇ ಗುರುತಿಸಿತ್ತು.

ಎಂಟು ವರ್ಷ ಕಳೆದ ಮೇಲೆ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಎರಡು ಸಬ್ಜೆಕ್ಟ್ ಹೋಗಿತ್ತು. ಮನೆಗೆ ಹೇಳಿರಲಿಲ್ಲ. ಪಕ್ಕದ ರೂಮಿನ ಗೆಳೆಯ ಬಂದು, 'ಬಾ ಮಗಾ, ಒಂದು ದಮ್ ಹೊಡೆದು ಬರೋಣ, ತಲೆ ಹಗುರ ಆಗುತ್ತೆ' ಅಂದ. ಅವನ ಮೇಲೆ ನನಗೆ ಈಗಲೂ ಕೋಪವಿಲ್ಲ. ಆ ದಿನ ನನ್ನ ಮುಖ ನೋಡಿ ಮಾತಾಡಿಸಿದವನು ಅವನೊಬ್ಬನೇ. ಮುಂದೆ ಒಂಬತ್ತು ವರ್ಷ ಸೇದಿದೆ.

ದೇಶದಲ್ಲಿ 2016-17ರಲ್ಲಿ ವಯಸ್ಕರ ತಂಬಾಕು ಸಮೀಕ್ಷೆ ನಡೆಯಿತು. ಅದರ ಪ್ರಕಾರ ತಂಬಾಕು ಶುರು ಮಾಡುವ ಸರಾಸರಿ ವಯಸ್ಸು 18.9. ಅಂದರೆ ನಿಮ್ಮ ವಯಸ್ಸು. ಮನೆ ಬಿಟ್ಟು ಬರುವ ವಯಸ್ಸು. ಕೈಗೆ ಸ್ವಲ್ಪ ದುಡ್ಡು ಬರುವ, ಕಷ್ಟ ಹೇಳಿಕೊಳ್ಳುವುದಕ್ಕೆ ಯಾರೂ ಸಿಗದ ವಯಸ್ಸು. ಮೆದುಳು ಪೂರ್ತಿ ಬಲಿಯುವುದಕ್ಕೆ ಇಪ್ಪತ್ತೈದರ ಹತ್ತಿರ ಬೇಕು. ಆಸೆಗೆ ತಡೆ ಹಾಕುವ, ಮುಂದಿನದನ್ನು ಲೆಕ್ಕ ಹಾಕುವ ಮುಂಭಾಗ ಕೊನೆಗೆ ಬಲಿಯುತ್ತದೆ. ಅಷ್ಟರೊಳಗೆ ಏನು ಅಭ್ಯಾಸ ಮಾಡಿಸಿದರೂ ಅದು ಗಟ್ಟಿಯಾಗಿ ಕೂರುತ್ತದೆ.

ಈಗ ಆ 'ಹಗುರ' ಅನ್ನುವುದು ಏನು ಅಂತ ನೋಡೋಣ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕ ಬಿಡುಗಡೆಯಾಗುತ್ತದೆ, ಹಿತ ಅನಿಸುತ್ತದೆ. ಇದು ಸುಳ್ಳಲ್ಲ, ನಿಜವಾದ ಹಿತವೇ. ಆದರೆ ಎರಡು ಗಂಟೆಯಲ್ಲಿ ರಕ್ತದೊಳಗಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ದಿನಾ ಸೇದುವವನ ಮೆದುಳು ಅಷ್ಟು ಹೊತ್ತಿಗೆ ಅದಕ್ಕೆ ಹೊಂದಿಕೊಂಡಿರುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ ಶುರು. ಸಿಡುಕು, ಗಮನ ನಿಲ್ಲದಿರುವುದು, ಎದೆಯಲ್ಲಿ ಏನೋ ಕಳವಳ. ಈ ಲಕ್ಷಣಗಳನ್ನು ಒಂದು ಸಾಲಿನಲ್ಲಿ ಬರೆದು ನೋಡಿ. ನಾವು ಟೆನ್ಷನ್ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಕಾಣಿಸುವುದಿಲ್ಲ.

ಮೂರು ಗಂಟೆಯ ಪರೀಕ್ಷೆ ಯೋಚಿಸಿ. ಒಳಗೆ ಹೋಗುವ ಮೊದಲು ಒಂದು ಸೇದಿದ್ದೀರಿ. ಎರಡನೇ ಗಂಟೆ ಮುಗಿಯುವ ಹೊತ್ತಿಗೆ ಕಾಲು ಅಲ್ಲಾಡಿಸಲು ಶುರುಮಾಡುತ್ತೀರಿ. ಗೊತ್ತಿರುವ ಡೆರಿವೇಶನ್ ಮರೆತುಹೋಗುತ್ತದೆ. ಪೇಪರ್ ಕಷ್ಟ ಇದೆ ಅಂತ ಅಂದುಕೊಳ್ಳುತ್ತೀರಿ. ಹೊರಗೆ ಬಂದು ಗೇಟಿನ ಹತ್ತಿರ ಹಚ್ಚುತ್ತೀರಿ. ಆಹಾ, ಹೋಯ್ತು ಟೆನ್ಷನ್! ಪರೀಕ್ಷೆ ಮುಗಿದ ನಿರಾಳ, ಗೆಳೆಯರು ಸಿಕ್ಕ ಖುಷಿ, ನಿಕೋಟಿನ್ ಕೊರತೆ ನೀಗಿದ ಸಮಾಧಾನ, ಮೂರೂ ಒಟ್ಟಿಗೆ ಬಂದವು. ಹೆಸರು ಮಾತ್ರ ಸಿಗರೇಟಿಗೆ ಹೋಯಿತು. ಪಕ್ಕದಲ್ಲಿ ಸೇದದವನೂ ಅದೇ ಪೇಪರ್ ಬರೆದಿದ್ದ, ಆದರೆ ಅವನಿಗೆ ಎರಡನೇ ಗಂಟೆಯ ಆ ಚಡಪಡಿಕೆ ಇರಲೇ ಇಲ್ಲ.

ಊರಲ್ಲಿ ಮೀಟರ್ ಬಡ್ಡಿ ಸಾಲ ನೋಡಿದ್ದೀರಲ್ಲ. ಬಡ್ಡಿ ಕಟ್ಟಲು ಅದೇ ಸಾಹುಕಾರನ ಹತ್ತಿರ ಮತ್ತೆ ಕೈಸಾಲ. ಕೊಟ್ಟ ಹೊತ್ತಿಗೆ ಅವನು ದೇವರ ಹಾಗೆ ಕಾಣುತ್ತಾನೆ. ನನ್ನ ಒಂಬತ್ತು ವರ್ಷ ಹಾಗೇ ಹೋಯಿತು. ಆ ಎರಡು ಸಬ್ಜೆಕ್ಟ್ ಹಾಗೇ ಇತ್ತು. ಅಪ್ಪನಿಗೆ ಹೇಳದ ಮಾತು ಹಾಗೇ ಇತ್ತು. ಅದರ ಮೇಲೆ ಎರಡು ಗಂಟೆಗೊಮ್ಮೆ ಬರುವ ಒಂದು ಹೊಸ ಟೆನ್ಷನ್ ಸೇರಿಕೊಂಡಿತ್ತು.

ಹಾಗಾದರೆ 'ಟೆನ್ಷನ್‌ಗೆ ಸಿಗರೇಟ್' ಅನ್ನುವ ಮಾತು ನಮ್ಮ ಬಾಯಿಗೆ ಹೇಗೆ ಬಂತು? ಇದು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾನ್ಸ್ ಸೆಲ್ಯೆ ಅಂತ ಒಬ್ಬ ವಿಜ್ಞಾನಿ ಇದ್ದರು. ಹುಟ್ಟಿದ್ದು ವಿಯೆನ್ನಾದಲ್ಲಿ, ಕೆಲಸ ಮಾಡಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. 1936ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸದ ಬಗ್ಗೆ ಒಂದು ಪುಟ್ಟ ಬರಹ ಪ್ರಕಟಿಸಿದರು. ಚಳಿ ಇರಲಿ, ಗಾಯ ಇರಲಿ, ವಿಷ ಇರಲಿ, ದೇಹ ಒಂದೇ ರೀತಿ ಪ್ರತಿಕ್ರಿಯೆ ಕೊಡುತ್ತದೆ ಅಂತ. ಅಲ್ಲಿಂದ ಬೆಳೆದದ್ದೇ ಇವತ್ತು ನಾವು ಸ್ಟ್ರೆಸ್ ಅನ್ನುವ ಕಲ್ಪನೆ. ಅವರನ್ನು ಸ್ಟ್ರೆಸ್ ಸಂಶೋಧನೆಯ ಪಿತಾಮಹ ಅಂತಲೇ ಕರೆಯುತ್ತಾರೆ. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

1969ರಲ್ಲಿ ಕೆನಡಾದಲ್ಲಿ ಸಿಗರೇಟಿಗೆ ಕಡಿವಾಣ ಹಾಕುವ ಚರ್ಚೆ ನಡೆದಿತ್ತು. ಆಗ ಸೆಲ್ಯೆ ಸಂಸತ್ತಿನ ಸಮಿತಿಯ ಮುಂದೆ ಬಂದು, ಒತ್ತಡ ನಿಭಾಯಿಸಲು ಸಿಗರೇಟಿನಿಂದ ಪ್ರಯೋಜನ ಇದೆ ಅನ್ನುವ ಧಾಟಿಯಲ್ಲಿ ಮಾತಾಡಿದರು. ಹೃದಯದ ಕಾಯಿಲೆಗೆ ಒತ್ತಡ ಕಾರಣ ಅನ್ನುವುದಾದರೆ ಸಿಗರೇಟಿನ ಮೇಲಿನ ಆರೋಪ ಹಗುರವಾಗುತ್ತದೆ. ಒತ್ತಡಕ್ಕೆ ಸಿಗರೇಟು ಮದ್ದು ಅನ್ನುವುದಾದರೆ ಕಂಪನಿಗಳಿಗೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ತಂಬಾಕು ಕಂಪನಿಗಳು ಅಲ್ಲಿನ ರಾಜ್ಯಗಳ ಜೊತೆ 1998ರಲ್ಲಿ ಮಾಡಿಕೊಂಡ ಒಪ್ಪಂದದ ನಂತರ ಆ ಕಂಪನಿಗಳ ಒಳಗಿನ ಲಕ್ಷಾಂತರ ಪುಟಗಳು ಜನರ ಕೈಗೆ ಸಿಕ್ಕವು. ಅವನ್ನು ಓದಿದ ಸಂಶೋಧಕರು 2011ರಲ್ಲಿ ಬರೆದರು: ಸೆಲ್ಯೆ ಅವರ ಸಂಶೋಧನೆಗೆ ತಂಬಾಕು ಉದ್ಯಮ ದುಡ್ಡು ಕೊಟ್ಟಿತ್ತು, ಸಲಹೆಗಾರರನ್ನಾಗಿಯೂ ಬಳಸಿಕೊಂಡಿತ್ತು.

ಯೋಚಿಸಿ ನೋಡಿ. ನನ್ನ ಗೆಳೆಯ ಮೈಸೂರಿನ ಹಾಸ್ಟೆಲಿನ ಜಗಲಿಯಲ್ಲಿ ನಿಂತು, ಪ್ರೀತಿಯಿಂದ, 'ತಲೆ ಹಗುರ ಆಗುತ್ತೆ ಬಾ' ಅಂದ. ಆ ಮಾತು ಗಟ್ಟಿಯಾಗಲಿ ಅಂತ ಅವನು ಹುಟ್ಟುವ ಮೊದಲೇ, ಸಮುದ್ರದ ಆಚೆ, ಯಾರೋ ದುಡ್ಡು ಸುರಿದಿದ್ದರು. ನಾವಿಬ್ಬರೂ ಅದನ್ನು ನಮ್ಮದೇ ಅನುಭವ ಅಂತ ನಂಬಿದ್ದೆವು.

ಹಾಗಾದರೆ ಬಿಟ್ಟರೆ ಏನಾಗುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಈಗ ಇದೆ. 2021ರಲ್ಲಿ ಕಾಕ್ರನ್ ಎಂಬ ಸಂಸ್ಥೆ 102 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅವುಗಳಲ್ಲಿ ಇದ್ದವರು ಸುಮಾರು 1,70,000 ಜನ. ಕನಿಷ್ಠ ಆರು ವಾರ ಸಿಗರೇಟು ಬಿಟ್ಟವರನ್ನೂ ಮುಂದುವರಿಸಿದವರನ್ನೂ ಹೋಲಿಸಿದರು. ಆತಂಕ, ಖಿನ್ನತೆ, ಒತ್ತಡ ಮೂರೂ ಹೆಚ್ಚು ಇಳಿದದ್ದು ಬಿಟ್ಟವರಲ್ಲಿ. ಮೊದಲೇ ಮಾನಸಿಕ ಕಾಯಿಲೆ ಇದ್ದವರನ್ನೂ ಅದರಲ್ಲಿ ನೋಡಿದ್ದರು. 'ಈಗಲೇ ಡಿಪ್ರೆಶನ್ ಇದೆ, ಇದನ್ನೂ ಬಿಟ್ಟರೆ ಪೂರ್ತಿ ಕುಸಿದು ಹೋಗ್ತೀನಿ' ಅಂತ ಹೆದರುವವರು ಇಲ್ಲಿದ್ದರೆ ಈ ಮಾತು ನಿಮಗೆ. ಹೆದರಿಕೆ ಸಹಜ. ಮೊದಲ ಕೆಲವು ದಿನ ಕಷ್ಟವೂ ಹೌದು. ಆದರೆ ಆಚೆ ದಡದಲ್ಲಿ ಕುಸಿತ ಇಲ್ಲ.

ಈಗ ನನಗೆ ಬಹಳ ಮುಖ್ಯ ಅನಿಸಿದ ವಿಷಯ. ಟೀ ಅಂಗಡಿಯಲ್ಲಿ ಕಳೆಯುವ ಹತ್ತು ನಿಮಿಷದಲ್ಲಿ ಏನೇನು ನಡೆಯುತ್ತದೆ? ರೂಮಿನಿಂದ, ಸ್ಕ್ರೀನಿನಿಂದ ಎದ್ದು ಬರುತ್ತೀರಿ. ನಾಲ್ಕು ಹೆಜ್ಜೆ ನಡೆಯುತ್ತೀರಿ. ಬೈಟು ಟೀ ಹೇಳುತ್ತೀರಿ. ಗೆಳೆಯ ಪಕ್ಕದಲ್ಲಿ ನಿಂತಿರುತ್ತಾನೆ. ಇಬ್ಬರೂ ರಸ್ತೆ ನೋಡುತ್ತಾ ಇರುತ್ತೀರಿ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹುಡುಗರಿಗೆ ಕಷ್ಟ ಹೇಳಿಕೊಳ್ಳಲು ಇದಕ್ಕಿಂತ ಸುಲಭವಾದ ಜಾಗ ಇಲ್ಲ. ಉದ್ದಕ್ಕೆ ಉಸಿರು ಎಳೆದು ನಿಧಾನವಾಗಿ ಬಿಡುತ್ತೀರಿ. ಬಿಡುವು, ನಡಿಗೆ, ಗೆಳೆಯ, ಮಾತು, ನಿಧಾನದ ಉಸಿರು. ನನ್ನ ಹತ್ತಿರ ಬರುವವರಿಗೆ ನಾನು ಹೇಳುವುದೂ ಇವನ್ನೇ.

ಸಿಗರೇಟು ಬಿಡಿ ಅಂದಾಗ ನಾವು ದೊಡ್ಡವರು ಮಾಡುವ ತಪ್ಪು ಇಲ್ಲಿದೆ. ಟೀ ಅಂಗಡಿಗೆ ಹೋಗಬೇಡ, ಆ ಹುಡುಗರ ಜೊತೆ ಸೇರಬೇಡ ಅನ್ನುತ್ತೇವೆ. ಮದ್ದನ್ನೂ ಕಿತ್ತುಕೊಳ್ಳುತ್ತೇವೆ. ಅವನು ರೂಮಿನ ಬಾಗಿಲು ಹಾಕಿಕೊಂಡು ಒಬ್ಬನೇ ಕೂರುತ್ತಾನೆ. ದಯವಿಟ್ಟು ಹೋಗಿ. ಹತ್ತು ನಿಮಿಷಕ್ಕೆ ಹದಿನೈದು ನಿಮಿಷ ನಿಲ್ಲಿ. ಮೊದಲ ಎರಡು ಮೂರು ವಾರ ಮಾತ್ರ ಸಿಗರೇಟು ಸಿಗದ ಅಂಗಡಿ ಹುಡುಕಿಕೊಳ್ಳಿ, ಗೆಳೆಯನನ್ನು ಅಲ್ಲಿಗೇ ಕರೆಯಿರಿ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ. ಮೂರನೇ ವರ್ಷದವನು. 'ಸರ್, ದಿನಕ್ಕೆ ಹದಿನೈದು ಆಗ್ತಿದೆ, ಬಿಡಿಸಿ' ಅಂತ ಬಂದ. ನಿದ್ದೆ ಹೇಗಿದೆ ಅಂತ ಕೇಳಿದೆ. ಮೂರು ವಾರದಿಂದ ರಾತ್ರಿ ನಾಲ್ಕಕ್ಕೆ ಮುಂಚೆ ಕಣ್ಣು ಮುಚ್ಚಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಕ್ರಿಕೆಟ್ ಹುಚ್ಚಿದ್ದವನು ಬ್ಯಾಟ್ ಯಾರಿಗೋ ಕೊಟ್ಟುಬಿಟ್ಟಿದ್ದ. ನಾಲ್ಕು ಬ್ಯಾಕ್‌ಲಾಗ್. ಅಪ್ಪ ಒಡವೆ ಅಡವಿಟ್ಟು ಫೀಸು ಕಟ್ಟಿದ್ದರು. ಇವನು ಮನೆಗೆ ಫೋನ್ ಮಾಡಿದಾಗಲೆಲ್ಲ 'ಎಲ್ಲ ಚೆನ್ನಾಗಿದೆ ಅಪ್ಪಾ' ಅನ್ನುತ್ತಿದ್ದ. ಸಾಯಬೇಕು ಅನಿಸಿದೆಯಾ ಅಂತ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅತ್ತ.

ಅವನ ಹದಿನೈದು ಸಿಗರೇಟು ಕಾಯಿಲೆಯ ಹೊಗೆಯಾಗಿತ್ತು, ಬೆಂಕಿ ಬೇರೆ ಕಡೆ ಇತ್ತು. ಅವತ್ತು ಸಿಗರೇಟಿನ ಮಾತೇ ಆಡಲಿಲ್ಲ. ಮನೋವೈದ್ಯರ ಹತ್ತಿರ ನಾನೇ ಜೊತೆಗೆ ಹೋದೆ. ಔಷಧಿ ಶುರುವಾಯಿತು, ನಿದ್ದೆ ಬಂತು. ಅಪ್ಪನಿಗೆ ವಿಷಯ ಹೇಳುವಾಗ ಪಕ್ಕದಲ್ಲಿ ಕೂತಿದ್ದೆ. 'ಹೋಗಲಿ ಬಿಡು ಮಗಾ, ಊಟ ಮಾಡಿದ್ಯಾ?' ಅಂತ ಆ ಕಡೆಯಿಂದ ಕೇಳಿಸಿತು. ಸಿಗರೇಟು ಬಿಟ್ಟದ್ದು ಅದಾಗಿ ಐದು ತಿಂಗಳಿಗೆ.

ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಹಾಲಿನಲ್ಲಿ ಇನ್ನೂರು ಜನ ಇದ್ದೀರಿ, ನೀವೇ ಲೆಕ್ಕ ಹಾಕಿ. ಹಾಗಾಗಿ ನಂಬರ್ ಬರೆದುಕೊಳ್ಳಿ. 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸೇವೆ. ಕನ್ನಡದಲ್ಲಿ ಮಾತಾಡಬಹುದು. ತಂಬಾಕು ಬಿಡಲು ಬೇರೆ ನಂಬರ್ ಇದೆ, 1800-11-2356. ಇದು ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ಆದರೆ ನೀವು ನೋಡಿರುವುದಿಲ್ಲ, ಯಾಕೆಂದರೆ ನೀವು ಪ್ಯಾಕ್ ಕೊಳ್ಳುವುದಿಲ್ಲ. ಲೂಸ್ ತಗೊಳ್ಳುತ್ತೀರಿ. ಲೂಸ್ ಮಾರಬಾರದು ಅಂತ ಕಾನೂನು ಇರುವುದು ಇದಕ್ಕೇ. ಬಿಡಿಯಾಗಿ ಸಿಕ್ಕರೆ ಕಿಸೆಯಲ್ಲಿ ಕಡಿಮೆ ದುಡ್ಡಿರುವವನಿಗೂ ಸಿಗುತ್ತದೆ, ಎಚ್ಚರಿಕೆಯ ಚಿತ್ರ ಅಂಗಡಿಯಲ್ಲೇ ಉಳಿಯುತ್ತದೆ. 2025ರ ಮೇ ಕೊನೆಯಿಂದ ಕರ್ನಾಟಕದಲ್ಲಿ ಇಪ್ಪತ್ತೊಂದು ವರ್ಷ ತುಂಬದವರಿಗೆ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1000 ರೂಪಾಯಿವರೆಗೆ. ಹುಕ್ಕಾ ಬಾರ್ ಪೂರ್ತಿ ಬಂದ್. ಕಾನೂನು ಇದೆ ಅನ್ನುವುದಕ್ಕೂ ನಿಮ್ಮ ಗೇಟಿನ ಎದುರು ಏನು ನಡೆಯುತ್ತಿದೆ ಅನ್ನುವುದಕ್ಕೂ ಅಂತರ ಇದೆ. ಅದು ನೀವೂ ನೋಡುತ್ತಿದ್ದೀರಿ.

ಬಿಡಬೇಕು ಅನ್ನುವವರಿಗೆ ಕೆಲವು ಮಾತು. ಪರೀಕ್ಷೆಯ ವಾರ ಬೇಡ. ಸೆಮಿಸ್ಟರ್ ಶುರುವಿನಲ್ಲಿ ಒಂದು ದಿನ ಗುರುತು ಮಾಡಿಕೊಳ್ಳಿ. ಎರಡನೇ, ಮೂರನೇ ದಿನ ಕಷ್ಟ ಜಾಸ್ತಿ. ಮೊದಲ ವಾರ ದಾಟಿದರೆ ಇಳಿಯುತ್ತಾ ಬರುತ್ತದೆ, ಮೂರು ನಾಲ್ಕು ವಾರಕ್ಕೆ ಬಹುಪಾಲು ಹೋಗಿರುತ್ತದೆ. ಸೇದಬೇಕು ಅನ್ನುವ ತುಡಿತ ಬಂದರೆ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ತಳ್ಳಿದರೆ ಸಾಕು. ನೀರು ಕುಡಿಯಿರಿ, ಎದ್ದು ನಡೆಯಿರಿ.

ಇನ್ನೊಂದು, ಹೆಚ್ಚು ಜನ ಹೇಳದ ವಿಷಯ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕಾಫಿ ಟೀಯಲ್ಲಿನ ಕೆಫೀನನ್ನು ಲಿವರ್ ಬೇಗ ಕರಗಿಸುವಂತೆ ಮಾಡುತ್ತವೆ. ಸಿಗರೇಟು ಬಿಟ್ಟ ಮೇಲೆ ಅದು ನಿಧಾನವಾಗುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. 'ನೋಡಿ, ಸಿಗರೇಟ್ ಬಿಟ್ಟಿದ್ದಕ್ಕೆ ಟೆನ್ಷನ್ ಜಾಸ್ತಿ ಆಯ್ತು' ಅಂತ ಮತ್ತೆ ಹಚ್ಚುತ್ತಾರೆ. ನಾನು ಮೊದಲ ಸಲ ಬಿಟ್ಟು ಹನ್ನೊಂದನೇ ದಿನಕ್ಕೆ ವಾಪಸ್ ಹೋದದ್ದು ಹೀಗೇ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದೆ. ಎರಡನೇ ಸಲ ಕಾಫಿಯನ್ನು ಅರ್ಧಕ್ಕೆ ಇಳಿಸಿದೆ, ನಿಂತಿತು. ಇದೇ ಕಾರಣಕ್ಕೆ ಮನಸ್ಸಿನ ಕಾಯಿಲೆಗೆ ಔಷಧಿ ತಗೊಳ್ಳುತ್ತಿರುವವರು ಸಿಗರೇಟು ಬಿಡುವ ಮೊದಲು ಡಾಕ್ಟರಿಗೆ ಹೇಳಿ. ಕೆಲವು ಔಷಧಿಗಳ ಪ್ರಮಾಣ ಬದಲಿಸಬೇಕಾಗುತ್ತದೆ.

ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಚ್ಯೂಯಿಂಗ್ ಗಮ್ ಥರ ಒಂದೇ ಸಮ ಅಗಿಯಬಾರದು. ನಾಲ್ಕೈದು ಸಲ ಅಗಿದು, ಬಾಯಿ ಚುರುಗುಟ್ಟಿದ ಮೇಲೆ ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಿ. ಚುರುಕು ಹೋದ ಮೇಲೆ ಮತ್ತೆ ಅಗಿಯಿರಿ. ಹದಿನೈದು ನಿಮಿಷ ಮೊದಲು ಕಾಫಿ, ಜ್ಯೂಸ್ ಬೇಡ.

ಆಮೇಲೆ ಪ್ರಶ್ನೆಗಳು ಬಂದವು.

ವೇಪ್, ಅಂದರೆ ಇ-ಸಿಗರೇಟ್, ಪರವಾಗಿಲ್ವಾ ಸರ್, ಹೊಗೆ ಇಲ್ಲವಲ್ಲ ಅಂತ ಒಬ್ಬರು ಕೇಳಿದರು. 2019ರಿಂದ ನಮ್ಮ ದೇಶದಲ್ಲಿ ಅದರ ಮಾರಾಟಕ್ಕೆ ನಿಷೇಧ ಇದೆ. ಕದ್ದು ಬರುವ ಸಾಮಾನಿನ ಒಳಗೆ ಏನಿದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಇನ್ನು ನಿಕೋಟಿನ್, ಎರಡು ಗಂಟೆಯ ಆ ಬಡ್ಡಿ ಲೆಕ್ಕ, ಅದು ಅದರಲ್ಲೂ ಇದೆ. ಸಿಗರೇಟಿನ ವಾಸನೆ ಇಲ್ಲದ್ದರಿಂದ ಹಾಸಿಗೆಯಲ್ಲೂ ಎಳೆಯುತ್ತಾರೆ, ಹೀಗಾಗಿ ಬಿಡುವೇ ಸಿಗುವುದಿಲ್ಲ.

ಒಬ್ಬ ಹುಡುಗಿ ಚೀಟಿ ಕಳಿಸಿದ್ದಳು. 'ಹುಡುಗರಿಗೆ ಬುದ್ಧಿ ಹೇಳ್ತಾರೆ, ನಮಗೆ ಗೊತ್ತಾದರೆ ನಡತೆ ಬಗ್ಗೆ ಮಾತಾಡ್ತಾರೆ. ನಾವು ಯಾರನ್ನು ಕೇಳೋದು?' ಇದು ನಿಜ, ಮತ್ತು ಇದು ಅನ್ಯಾಯ. ನಿಕೋಟಿನ್‌ಗೆ ಹುಡುಗ ಹುಡುಗಿ ಅಂತ ಗೊತ್ತಾಗುವುದಿಲ್ಲ. ನಾಚಿಕೆ ಹುಟ್ಟಿಸಿದರೆ ಅಭ್ಯಾಸ ಬಿಡುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ ಅಷ್ಟೇ. ಆಗ ಸಹಾಯವೂ ದೂರವಾಗುತ್ತದೆ. ಆ ಎರಡು ನಂಬರಿಗೆ ಫೋನ್ ಮಾಡಿ, ಅಲ್ಲಿ ಯಾರೂ ನಡತೆ ವಿಚಾರಿಸುವುದಿಲ್ಲ. ವಾರ್ಡನ್ ಮೇಡಂ ಇಲ್ಲೇ ಇದ್ದಾರೆ, ಅವರಿಗೂ ಈ ಮಾತು ಹೇಳುತ್ತಿದ್ದೇನೆ.

ರೂಮ್‌ಮೇಟ್ ತುಂಬ ಸೇದ್ತಾನೆ, ಮಾತೇ ಆಡಲ್ಲ, ಏನು ಮಾಡಲಿ ಅಂತ ಇನ್ನೊಬ್ಬ. ಸಿಗರೇಟಿನಿಂದ ಶುರು ಮಾಡಬೇಡ. 'ಯಾಕೋ ಸರಿ ಇಲ್ಲ ಅನಿಸ್ತಿದೀಯಾ ಮಗಾ, ಬಾ ಟೀ ಕುಡಿಯೋಣ' ಅನ್ನು. ಉತ್ತರ ಬರದಿದ್ದರೂ ಪಕ್ಕದಲ್ಲಿ ನಿಲ್ಲು. ನಾಳೆ ಮತ್ತೆ ಕರೆ. ಸಾಯುವ ಮಾತಾಡಿದರೆ ಗುಟ್ಟು ಇಟ್ಟುಕೊಳ್ಳಬೇಡ, ಆ ರಾತ್ರಿಯೇ ದೊಡ್ಡವರಿಗೆ ತಿಳಿಸು, ಅವನನ್ನು ಒಬ್ಬನೇ ಬಿಡಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. 'ಸರ್, ನಿಮ್ಮನೇಲಿ ಈಗಲೂ ಹೊಗೆಸೊಪ್ಪು ಬೆಳೀತಾರಾ?'

ಬೆಳೆಯುತ್ತಾರೆ. ಅಪ್ಪನಿಗೆ ಈಗ ಆಗುವುದಿಲ್ಲ, ತಮ್ಮ ಬೆಳೆಯುತ್ತಾನೆ. ಒಂದೆಕರೆಗೆ ಶುಂಠಿ ಹಾಕಿ ನೋಡಿದ, ಒಂದು ವರ್ಷ ಬಂತು, ಮರುವರ್ಷ ಕೊಳೆತು ಹೋಯಿತು. ರಾಗಿಯಲ್ಲಿ ಸಾಲ ತೀರುವುದಿಲ್ಲ ಅನ್ನುತ್ತಾನೆ. ಬಿಡು ಅಂತ ಅವನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಅವನ ಮಗಳು ಈ ವರ್ಷ ಪಿಯುಸಿ. ಹಾಸ್ಟೆಲಿಗೆ ಬಿಡಲು ನಾನೇ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಬಸ್ ನಿಂತಾಗ ಇಬ್ಬರೂ ಇಳಿದು ಟೀ ಕುಡಿದೆವು. ಏನೇ ಆದರೂ, ಎಷ್ಟೇ ಮಾರ್ಕ್ಸ್ ಹೋದರೂ, ಮೊದಲು ನನಗೆ ಫೋನ್ ಮಾಡು ಅಂದೆ. 'ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುತ್ತೀರಾ ದೊಡ್ಡಪ್ಪಾ?' ಅಂತ ಕೇಳಿದಳು. ಎತ್ತುತ್ತೇನೆ ಅಂದೆ. ಮೊನ್ನೆ ಒಂದೂವರೆಗೆ ಮಾಡಿದ್ದಳು. ಮುಕ್ಕಾಲು ಗಂಟೆ ಮಾತಾಡಿದೆವು.